ಮನೆಯ ತೂಬು ಎಲ್ಲಿದೆ?

'ನೀರಿನ ಮಹತ್ವ' ಎಂಬ ಪ್ರಬಂಧವನ್ನು ಒಮ್ಮೆಯಾದರೂ ಬರೆಯದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ನೀರು ಅಮೂಲ್ಯವೆಂದೂ, ಅದನ್ನು ವ್ಯರ್ಥ ಮಾಡಬಾರದೆಂದೂ ನಮ್ಮ ಹುಡುಗರೂ ಹುಡುಗಿಯರೂ ವರ್ಷವರ್ಷವೂ ಅಂದವಾದ ಅಕ್ಷರಗಳಲ್ಲಿ ಬರೆಯುತ್ತಾರೆ. ನಾವು ಸಂತೋಷದಿಂದ ಅಂಕಗಳನ್ನು ಕೊಡುತ್ತೇವೆ. ಆದರೆ ಅದೇ ವಿದ್ಯಾರ್ಥಿಯನ್ನು ಹತ್ತಿರ ಕರೆದು, "ನಿನ್ನ ಮನೆಯಲ್ಲಿ ಕೊಳವೆಯೊಂದು ಒಡೆದು ನೀರು ಚಿಮ್ಮತೊಡಗಿದರೆ ಎಲ್ಲಿಗೆ ಓಡುವೆ? ಏನನ್ನು ತಿರುಗಿಸುವೆ?" ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ನಳ ತೆರೆಯುವುದನ್ನು ಎರಡು ವರ್ಷದ ಕೂಸೂ ಬಲ್ಲದು. ಇಡಿಯ ಮನೆಯ ನೀರನ್ನು ನಿಲ್ಲಿಸುವುದನ್ನು ಬಲ್ಲವರು ಮನೆಗೆ ಒಬ್ಬರಿದ್ದರೆ ಹೆಚ್ಚು. ಆ ಒಬ್ಬರೂ ಹಗಲು ಹೊತ್ತಿನಲ್ಲಿ ಕೆಲಸಕ್ಕೆ ಹೋಗಿರುತ್ತಾರೆ. ನಗರದಲ್ಲಿ ಬಾಳುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ನೀರನ್ನು ತಡೆಯುವ ಸ್ಥಾನವನ್ನು ಅರಿತಿರಬೇಕು, ಮತ್ತು ಆ ಅರಿವನ್ನು ಶಾಲೆಯೇ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಕನ್ನಡ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದ ಹಿರಿಯರು ಏರಿಯೊಡನೆ ತೂಬನ್ನೂ ಕಟ್ಟಿಸಿದರು. ಗದ್ದೆಗೆ ನೀರು ಬಿಡುವುದಕ್ಕೂ, ಬಿಟ್ಟ ನೀರನ್ನು ನಿಲ್ಲಿಸುವುದಕ್ಕೂ ತೂಬು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವುದಕ್ಕೆ ಕೋಡಿ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತೂಬಿನ ಹೊಣೆಗೆ ನೀರುಗಂಟಿ ಎಂಬವನೊಬ್ಬನಿರುತ್ತಿದ್ದನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವಾಗ ತೂಬು ಮುಚ್ಚಬೇಕು ಎಂಬುದು ಅವನಿಗೆ ಬಾಯಿಪಾಠ. ಇಂದಿನ ಮುಂಬಯಿಯಲ್ಲಿಯೂ ಇಂಥವನೊಬ್ಬನಿದ್ದಾನೆ. ಬೀದಿಯ ನೆಲದಡಿಯಲ್ಲಿರುವ ವಾಲ್ವುಗಳನ್ನು ಉದ್ದನೆಯ ಕಬ್ಬಿಣದ ಚಾವಿಯಿಂದ ತೆರೆದು ಮುಚ್ಚುವ ಮಹಾನಗರಪಾಲಿಕೆಯ ನೌಕರನನ್ನು ಜನರು 'ಚಾವೀವಾಲಾ' ಎನ್ನುತ್ತಾರೆ. ಕೆರೆಗೆ ನೀರುಗಂಟಿ ಇದ್ದನು, ಬೀದಿಗೆ ಚಾವೀವಾಲಾ ಇದ್ದಾನೆ. ಮನೆಗೆ ಮಾತ್ರ ಯಾರೂ ಇಲ್ಲ. ಆ ಬರಿದಾದ ಸ್ಥಾನವನ್ನು ನೀವು ತುಂಬಬೇಕೆಂದು ನಾವು ಕೇಳುತ್ತಿದ್ದೇವೆ.

ನಮ್ಮ ಮನೆಯ ನಳಕ್ಕೆ ಇಂಥದೊಂದು ತೂಬು ಏಕೆ ಬೇಕು? ವೇರೂಳಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಈ ಪ್ರಶ್ನೆಗೆ ಅಲ್ಲಿಯೇ ಉತ್ತರವನ್ನು ಕಂಡುಕೊಳ್ಳಬಹುದು. 8ನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನು ಮಾಡಿಸಿದ ಕೈಲಾಸನಾಥ ದೇವಾಲಯವನ್ನು ನೋಡುವುದಕ್ಕೆಂದು ನಾವೆಲ್ಲರೂ ಅಲ್ಲಿಗೆ ಹೋಗುತ್ತೇವೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಕವಿರಾಜಮಾರ್ಗವು ಹೇಳುವುದನ್ನು ನೆನೆದು, ಇದೂ ನಮ್ಮವರ ಕೈಕೆಲಸವೆಂದು ಹೆಮ್ಮೆಪಡುತ್ತೇವೆ. ಹೆಮ್ಮೆ ತಪ್ಪಲ್ಲ. ಆದರೆ ಶಿಲ್ಪವನ್ನು ನೋಡುವ ಕಣ್ಣು ನೀರಿನ ವ್ಯವಸ್ಥೆಯನ್ನೂ ನೋಡಬೇಕು. ಅಲ್ಲಿನ ಗುಹೆಗಳ ಬಳಿ ಬಂಡೆಯಲ್ಲಿಯೇ ಕೊರೆದ ನೀರಿನ ತೊಟ್ಟಿಗಳಿವೆ. ಘೃಷ್ಣೇಶ್ವರ ದೇವಾಲಯದ ಊರಿನಲ್ಲಿ, ಅಹಲ್ಯಾಬಾಯಿ ಹೋಳ್ಕರರ ಹೆಸರಿನೊಡನೆ ಕೂಡಿಬಂದಿರುವ ಕಲ್ಲಿನ ಪುಷ್ಕರಣಿಯಿದೆ. ಈ ತೊಟ್ಟಿಯೂ ಈ ಪುಷ್ಕರಣಿಯೂ ನಿಂತ ನೀರಿನವು. ಬೇಕಾದವರು ಮೆಟ್ಟಿಲಿಳಿದು ಕೊಡದಲ್ಲಿ ತುಂಬಿಕೊಳ್ಳಬೇಕು. ಕೊಡ ಒಡೆದರೆ ಹೋಗುವುದು ಒಂದು ಕೊಡ ನೀರು ಮಾತ್ರ.

ಅಲ್ಲಿಂದ ಸುಮಾರು 30 ಕಿಲೋಮೀಟರು ದೂರದ ಛತ್ರಪತಿ ಸಂಭಾಜಿನಗರಕ್ಕೆ ಬಂದರೆ ಬೇರೊಂದು ಬಗೆಯ ನೀರು ಕಾಣುತ್ತದೆ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದನಗರದ ನಿಜಾಮಶಾಹಿಯ ಪ್ರಧಾನಿಯಾದ ಮಲಿಕ್ ಅಂಬರನು 17ನೆಯ ಶತಮಾನದ ಆರಂಭದಲ್ಲಿ ಖಡಕಿ ಎಂಬ ಈ ಊರನ್ನು ಕಟ್ಟಿ, ನೆಲದಡಿಯ ಕಾಲುವೆಗಳಿಂದ ನೀರು ತರಿಸಿದನು. ಅದೇ 'ನಹರ್-ಎ-ಅಂಬರಿ'. ಊರಿನ ಪನ್‌ಚಕ್ಕಿಯಲ್ಲಿ ಬೆಟ್ಟದ ನೀರನ್ನು ಮಣ್ಣಿನ ಕೊಳವೆಗಳಲ್ಲಿ ತಂದು, ಎತ್ತರದಿಂದ ಬೀಳಿಸಿ, ಆ ಬಲದಿಂದ ಹಿಟ್ಟಿನ ಬೀಸುಕಲ್ಲನ್ನು ತಿರುಗಿಸುತ್ತಿದ್ದರು. ತೊಟ್ಟಿಯ ನೀರಿಗೂ ಕೊಳವೆಯ ನೀರಿಗೂ ಇರುವ ವ್ಯತ್ಯಾಸ ಇದೇ. ಎತ್ತರದಿಂದ ಇಳಿದು ಬರುವ ನೀರಿಗೆ ಒತ್ತಡವಿರುತ್ತದೆ, ಒತ್ತಡವಿದ್ದಲ್ಲಿ ಬಲವಿರುತ್ತದೆ. ಬೀಸುಕಲ್ಲನ್ನು ತಿರುಗಿಸಿದ ಆ ಬಲವೇ ಇಂದು ನಮ್ಮ ಮಾಳಿಗೆಯ ಮೇಲಿನ ಟಾಂಕಿಯಿಂದ ಅಡಿಗೆಮನೆಯ ನಳದವರೆಗೆ ಸದಾ ಒತ್ತಿಕೊಂಡು ನಿಂತಿದೆ. ಕೊಳವೆ ಎಲ್ಲಿ ದುರ್ಬಲವಾಯಿತೋ ಅಲ್ಲಿ ನೀರು ಹೊರಗೆ ನುಗ್ಗುತ್ತದೆ. ಯಾರಾದರೂ ತಡೆಯುವವರೆಗೆ, ಇಲ್ಲವೇ ಟಾಂಕಿ ಬರಿದಾಗುವವರೆಗೆ ಅದು ನಿಲ್ಲುವುದಿಲ್ಲ.

ಹೀಗೆ ನುಗ್ಗಿಹೋಗುವ ನೀರು ಎಲ್ಲಿಂದ ಬಂದದ್ದು ಎಂಬುದನ್ನೂ ವಿಚಾರಿಸೋಣ. ನಾಸಿಕ್ ಜಿಲ್ಲೆಯ ತ್ರ್ಯಂಬಕದ ಬೆಟ್ಟಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಗೋದಾವರಿಯು ಪೂರ್ವಕ್ಕೆ ಹರಿದು, ನಾಸಿಕವನ್ನು ದಾಟಿ, ಪೈಠಣದ ಬಳಿಯ ಜಾಯಕವಾಡಿ ಜಲಾಶಯವನ್ನು ಸೇರುತ್ತದೆ. 1965ರಲ್ಲಿ ಶಂಕುಸ್ಥಾಪನೆಯಾಗಿ 1976ರಲ್ಲಿ ಉದ್ಘಾಟನೆಯಾದ ಆ ಜಲಾಶಯವೇ ಛತ್ರಪತಿ ಸಂಭಾಜಿನಗರದ ಜೀವನಾಧಾರ. ವೈತರಣೆಯು ಪಶ್ಚಿಮಕ್ಕೆ ಹರಿಯುತ್ತದೆ; ಅದರ ನೀರು ಅಣೆಕಟ್ಟುಗಳಲ್ಲಿ ನಿಂತು, ಕೊಳವೆಗಳಲ್ಲಿ ಸಾಗಿ ಮುಂಬಯಿಯ ಮನೆಗಳಿಗೆ ಬರುತ್ತದೆ. ಒಂದೇ ಬೆಟ್ಟದ ಸಾಲಿನ ಮಳೆ ಎರಡು ನಗರಗಳಿಗೆ ಹಂಚಿಹೋಗಿದೆ. ಆದರೆ ಹಂಚಿಕೆ ಸಮನಾಗಿಲ್ಲ. ಮುಂಬಯಿಯಲ್ಲಿ ಬಹಳ ಕಡೆ ದಿನವೂ ಗೊತ್ತಾದ ಹೊತ್ತಿಗೆ ನೀರು ಬರುತ್ತದೆ. ಛತ್ರಪತಿ ಸಂಭಾಜಿನಗರದಲ್ಲಾದರೋ, ಅದು ಇನ್ನೂ ಔರಂಗಾಬಾದ್ ಎಂಬ ಹೆಸರಿನಲ್ಲಿದ್ದ 2022ರ ಬೇಸಿಗೆಯಲ್ಲಿ, ಅನೇಕ ಬಡಾವಣೆಗಳ ಜನರು ವಾರಕ್ಕೊಮ್ಮೆ ಬರುವ ನೀರಿಗಾಗಿ ಕಾಯುತ್ತಿದ್ದರು. ಅಲ್ಲಿ ಒಂದು ಟಾಂಕಿ ನೀರು ಸೋರಿಹೋದರೆ ಮತ್ತೆ ಮಧ್ಯಾಹ್ನಕ್ಕೆ ತುಂಬಿಕೊಳ್ಳುವಂತಿಲ್ಲ. ಆ ಸಂಸಾರದ ವಾರವೇ ಸೋರಿಹೋದಂತೆ.

ಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಲಿ. ಒಡೆದ ಕೊಳವೆಯೊಂದು ನಿಮಿಷಕ್ಕೆ 15 ಲೀಟರಿನ ಒಂದು ಬಾಲ್ದಿಯಷ್ಟು ನೀರನ್ನು ಚೆಲ್ಲುತ್ತದೆಂದು ಇಟ್ಟುಕೊಳ್ಳೋಣ. ಒಂದು ಗಂಟೆಗೆ 900 ಲೀಟರಾಯಿತು. ನಗರವಾಸಿಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ಸರಕಾರದ ಮಾನದಂಡವಿದೆ. ಎಂದರೆ ಆರು ಜನರ ಒಂದು ದಿನದ ನೀರು ಒಂದೇ ಗಂಟೆಯಲ್ಲಿ ಮೋರಿ ಸೇರಿತು. 2016ರ ಏಪ್ರಿಲಿನಲ್ಲಿ ಬರದಿಂದ ಕಂಗೆಟ್ಟ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ಮೊದಲ ರೈಲಿನಲ್ಲಿ 10 ವ್ಯಾಗನ್ನುಗಳಿದ್ದವು. ಒಂದೊಂದರಲ್ಲಿ 50,000 ಲೀಟರು. ನಮ್ಮ ಲೆಕ್ಕದಂತೆ 56 ಮನೆಗಳಲ್ಲಿ ಒಂದೊಂದು ಗಂಟೆ ನೀರು ಸೋರಿದರೆ ಅಂಥ ಒಂದು ವ್ಯಾಗನ್ನು ಬರಿದಾದಂತೆ. ನಗರದಲ್ಲಿ 56 ಮನೆಗಳು ಎಂದರೆ ಒಂದು ಕಟ್ಟಡವಷ್ಟೆ!

ನಷ್ಟವಾಗುವುದು ನೀರೊಂದೇ ಅಲ್ಲ. ನಮ್ಮ ವಿದ್ಯಾರ್ಥಿಗಳ ಪೈಕಿ ಒಬ್ಬನ ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ಮನೆ ಯಾವುದೆಂದು ಹೇಳುವ ಅಗತ್ಯವಿಲ್ಲ. ತಂದೆತಾಯಿಯರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಅಜ್ಜಿಯೂ, ಹತ್ತನೆಯ ತರಗತಿಯ ಹುಡುಗನೂ, ಅವನ ತಂಗಿಯೂ ಇದ್ದರು. ಬಚ್ಚಲಿನ ಗೋಡೆಯ ಕೊಳವೆ ಒಡೆಯಿತು. ಹುಡುಗನು ಮೊದಲು ಬಟ್ಟೆ ಸುತ್ತಿದನು, ಅನಂತರ ಅಂಗೈ ಒತ್ತಿ ಹಿಡಿದನು. ತಂಗಿಯು ಕೆಳಗೆ ಓಡಿ ವಾಚ್‌ಮನ್ನನನ್ನು ಕರೆದಳು. ಅವನು ಬೀದಿಯ ಕಡೆಯ ವಾಲ್ವನ್ನು ಮುಚ್ಚಿದನು, ನೀರು ನಿಲ್ಲಲಿಲ್ಲ. ಮಾಳಿಗೆಯ ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಸೊಸೈಟಿಯ ಸೆಕ್ರೆಟರಿಯವರ ಬಳಿ, ಸೆಕ್ರೆಟರಿಯವರು ಆಫೀಸಿನಲ್ಲಿ! ಟಾಂಕಿ ತಾನಾಗಿ ಬರಿದಾದಾಗಲೇ ನೀರು ನಿಂತಿತು. ಅಷ್ಟು ಹೊತ್ತಿಗೆ ತಿಂಗಳ ಅಕ್ಕಿಯೂ, ಮಂಚದ ಕೆಳಗೆ ಇಟ್ಟಿದ್ದ ಹುಡುಗನ ಟಿಪ್ಪಣಿ ಪುಸ್ತಕಗಳೂ ನೆನೆದು ಮುದ್ದೆಯಾಗಿದ್ದವು. ಪರೀಕ್ಷೆಗೆ ಉಳಿದದ್ದು ಕೆಲವೇ ದಿನಗಳು. ಆ ಹುಡುಗನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ಬುದ್ಧಿಗೂ ಕೊರತೆಯಿರಲಿಲ್ಲ. ಯಾವುದನ್ನು ಮುಚ್ಚಬೇಕೆಂಬ ಒಂದೇ ಒಂದು ತಿಳಿವಳಿಕೆ ಬೇಕಾಗಿತ್ತು. ಬೀಗದ ಕೈ ಎಲ್ಲಿದೆಯೆಂಬುದು ಗೊತ್ತಿರಬೇಕಾಗಿತ್ತು.

ಆ ವಾಚ್‌ಮನ್ನನು ವಾಲ್ವನ್ನು ಮುಚ್ಚಿದರೂ ನೀರು ಏಕೆ ನಿಲ್ಲಲಿಲ್ಲ? ನಮ್ಮ ದೇಶದ ನಗರಗಳ ಬಹುಪಾಲು ಮನೆಗಳಲ್ಲಿ ನೀರಿಗೆ ಎರಡು ದಾರಿಗಳಿವೆ. ಬೀದಿಯ ಕೊಳವೆಯಿಂದ ಮೀಟರನ್ನು ದಾಟಿ ನೆಲದಡಿಯ ಟಾಂಕಿಗೆ ಬರುವುದು ಮೊದಲನೆಯ ದಾರಿ. ಅಲ್ಲಿಂದ ಪಂಪು ಅದನ್ನು ಮೇಲಿನ ಟಾಂಕಿಗೆ ಏರಿಸುತ್ತದೆ. ಮೇಲಿನ ಟಾಂಕಿಯಿಂದ ಇಳಿದು ಮನೆಯ ನಳಗಳಿಗೆ ಬರುವುದು ಎರಡನೆಯ ದಾರಿ. ಮನೆಯೊಳಗಿನ ಕೊಳವೆ ಒಡೆದಾಗ ಬೀದಿಯ ಕಡೆಯದನ್ನು ಮುಚ್ಚಿ ಪ್ರಯೋಜನವಿಲ್ಲ. ಮೇಲಿನ ಟಾಂಕಿಯಲ್ಲಿರುವ ನೀರೆಲ್ಲವೂ ಇಳಿಯುತ್ತಲೇ ಇರುತ್ತದೆ. ಟಾಂಕಿಯ ಬುಡದಲ್ಲಿ ಹೊರಡುವ ಕೊಳವೆಯ ವಾಲ್ವನ್ನು, ಅಥವಾ ಆ ಕೊಳವೆ ನಿಮ್ಮ ಮನೆಯನ್ನು ಹೊಗುವಲ್ಲಿರುವ ವಾಲ್ವನ್ನು ಮುಚ್ಚಬೇಕು. ಬೀದಿಯಿಂದ ನೇರವಾಗಿ ನಳ ಪಡೆದಿರುವ ಮನೆಗಳಲ್ಲಿ ಮಾತ್ರ ಮೀಟರಿನ ಬಳಿಯ ವಾಲ್ವು ಸಾಕಾಗುತ್ತದೆ. ಹಾಗೆಯೇ ಕೈತೊಳೆಯುವ ಬೋಗುಣಿಯ ಕೆಳಗೂ, ಶೌಚಾಲಯದ ನೀರಿನ ಡಬ್ಬಿಯ ಬದಿಗೂ ಚಿಕ್ಕ ಕಾಕುಗಳಿರುತ್ತವೆ. ಅಲ್ಲಿನ ನಳವಷ್ಟೇ ಕೆಟ್ಟಿದ್ದರೆ ಆ ಚಿಕ್ಕ ಕಾಕನ್ನು ತಿರುಗಿಸಿದರೆ ಸಾಕು. ಮನೆಯ ನೀರನ್ನೆಲ್ಲ ನಿಲ್ಲಿಸಬೇಕಾಗಿಲ್ಲ.

ವಾಲ್ವುಗಳಲ್ಲಿ ಎರಡು ಬಗೆಗಳನ್ನು ಗುರುತಿಸಿಕೊಂಡರೆ ಸಾಕು. ಗುಂಡು ಚಕ್ರವಿರುವುದು ಗೇಟ್ ವಾಲ್ವ್. ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಲವು ಸುತ್ತು ತಿರುಗಿಸಿದರೆ ಮುಚ್ಚುತ್ತದೆ. ಉದ್ದನೆಯ ಹಿಡಿಯಿರುವುದು ಬಾಲ್ ವಾಲ್ವ್. ಹಿಡಿ ಕೊಳವೆಯ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಕಾಲು ಸುತ್ತು ತಿರುಗಿಸಿದರೆ ಸಾಕು. ವರ್ಷಗಟ್ಟಲೆ ಯಾರೂ ಮುಟ್ಟದ ಗೇಟ್ ವಾಲ್ವು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಆಪತ್ತಿನ ಹೊತ್ತಿನಲ್ಲಿ ಬಲ ಪ್ರಯೋಗಿಸಿದರೆ ಅದರ ದಿಂಡೇ ಮುರಿಯಬಹುದು. ಆದುದರಿಂದ ವರ್ಷಕ್ಕೆರಡು ಸಲ, ಮನೆಯ ಹಿರಿಯರೊಡನೆ ನಿಂತು, ಅದನ್ನು ಮುಚ್ಚಿ ತೆರೆದು ನೋಡುವುದು ಒಳ್ಳೆಯದು.

ಮುಚ್ಚಿದ ಮೇಲೆ ಮಾಡಬೇಕಾದುದೂ ಕೆಲವಿದೆ. ಪಂಪು ಓಡುತ್ತಿದ್ದರೆ ನಿಲ್ಲಿಸಬೇಕು. ಇಲ್ಲವಾದರೆ ಅದು ಮೇಲಿನ ಟಾಂಕಿಯನ್ನು ತುಂಬುತ್ತಲೇ ಇರುತ್ತದೆ. ನೀರು ಕಾಯಿಸುವ ಗೀಸರಿನ ವಿದ್ಯುತ್ತನ್ನು ಆರಿಸಬೇಕು. ಕೊಳವೆಯಲ್ಲಿ ಉಳಿದ ನೀರನ್ನು ಕೆಳಗಿನ ನಳದಿಂದ ಬಾಲ್ದಿ, ಕೊಡ, ಹಂಡೆಗಳಲ್ಲಿ ಹಿಡಿದಿಟ್ಟುಕೊಳ್ಳಬೇಕು. ನೀರು ವಿದ್ಯುತ್ತಿನ ಬೋರ್ಡಿನತ್ತ ಚಿಮ್ಮುತ್ತಿದ್ದರೆ, ಅಥವಾ ನೆಲದ ಮೇಲಿನ ನೀರಿನಲ್ಲಿ ತಂತಿ ಬಿದ್ದಿದ್ದರೆ, ಆ ಕೋಣೆಗೆ ಕಾಲಿಡಲೇ ಕೂಡದು. ಒದ್ದೆಯ ಕೈಯಿಂದ ಯಾವ ಗುಂಡಿಯನ್ನೂ ಮುಟ್ಟಕೂಡದು. ಆಗ ಮನೆಯವರನ್ನು ಹೊರಗೆ ಕರೆತಂದು ದೊಡ್ಡವರಿಗೆ ತಿಳಿಸುವುದೇ ಮೊದಲ ಕೆಲಸ. ಅಕ್ಕಿ, ಪುಸ್ತಕಗಳು ಹೋದರೆ ಮತ್ತೆ ಬಂದಾವು, ಜೀವ ಬಾರದು. ರಿಪೇರಿಯಾದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಮೊದಲು ಬರುವ ನೀರನ್ನು ಕುಡಿಯದೆ ನೆಲ ತೊಳೆಯುವುದಕ್ಕೆ ಬಳಸಬೇಕು. ಒಡೆದ ಕೊಳವೆಯೊಳಗೆ ಹೊರಗಿನ ಕೊಳೆ ಸೇರಿರಬಹುದು.

ಮುಚ್ಚುವ ವಿದ್ಯೆಯೊಡನೆ ವಿವೇಕವೂ ಇರಬೇಕು. ದೊಡ್ಡ ಕಟ್ಟಡಗಳಲ್ಲಿ ಒಂದೇ ಕೊಳವೆ ಮೇಲಿನ ಮಹಡಿಯಿಂದ ಕೆಳಗಿನ ಮಹಡಿಯವರೆಗೆ ಹಲವು ಮನೆಗಳಿಗೆ ನೀರು ಕೊಡುತ್ತದೆ. ಮಾಳಿಗೆಯಲ್ಲಿ ಅದನ್ನು ಮುಚ್ಚಿದರೆ ನಿಮ್ಮ ಮನೆಯಷ್ಟೇ ಅಲ್ಲ, ರೋಗಿಯೋ ಬಾಣಂತಿಯೋ ಇರುವ ನೆರೆಮನೆಯ ನೀರೂ ನಿಲ್ಲುತ್ತದೆ. ಕೊಳವೆಯ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂಬುದು ಎಷ್ಟು ದೊಡ್ಡ ಮಾತೆಂಬುದನ್ನು ನಾಸಿಕ್ ನಗರವು ನೋವಿನಿಂದ ಕಂಡಿದೆ. 2021ರ ಏಪ್ರಿಲ್ 21ರಂದು, ಕೊರೋನಾ ಕಾಲದಲ್ಲಿ, ಅಲ್ಲಿನ ಡಾ. ಜಾಕಿರ್ ಹುಸೇನ್ ಆಸ್ಪತ್ರೆಯ ಆಮ್ಲಜನಕದ ಟಾಂಕಿಯಲ್ಲಿ ಸೋರಿಕೆಯಾಗಿ, ರೋಗಿಗಳ ಹಾಸಿಗೆಗೆ ತಲಪುವ ಆಮ್ಲಜನಕದ ಒತ್ತಡ ಕುಸಿದು, 20ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಅಲ್ಲಿ ಹರಿಯುತ್ತಿದ್ದುದು ನೀರಲ್ಲ, ಪ್ರಾಣವಾಯು. ಹೋಲಿಕೆಯನ್ನು ಬಹುದೂರ ಎಳೆಯಬಾರದು. ಆದರೂ ಕೊಳವೆಯ ಒಂದು ತುದಿಯಲ್ಲಿ ಆದುದು ಇನ್ನೊಂದು ತುದಿಯವರ ಬಾಳಿಗೆ ತಟ್ಟುತ್ತದೆಂಬ ಮಾತು ಎರಡಕ್ಕೂ ಒಂದೇ. ಆದುದರಿಂದ ಸಾಮಾನ್ಯ ವಾಲ್ವನ್ನು ಮುಚ್ಚಿದವರು ತಡಮಾಡದೆ ನೆರೆಯವರ ಬಾಗಿಲು ತಟ್ಟಿ ತಿಳಿಸುವುದು ಕರ್ತವ್ಯ.

ಮುಂಚಿತವಾದ ಸಿದ್ಧತೆಯ ಬೆಲೆಯನ್ನು ನಮ್ಮ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ತೋರಿಸಿಕೊಟ್ಟಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟುಗಳ ಪರಿಣತರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಗೇಟನ್ನು ತುಂಡುತುಂಡಾಗಿ ಇಳಿಸಿ, 17ರ ಹೊತ್ತಿಗೆ ಆ ಬಾಯಿಯನ್ನು ಮುಚ್ಚಿದರು. ಆ ತಡೆಗೇಟನ್ನು ಆಪತ್ತು ಬಂದ ಮೇಲೆ ಮಾಡಿಸಬೇಕಾಯಿತು ಎಂಬುದನ್ನು ಗಮನಿಸಬೇಕು. ಅಷ್ಟು ದಿನ ಹರಿದುಹೋದದ್ದು ರೈತರ ಬೆಳೆಯ ನೀರು. ಅಣೆಕಟ್ಟಿಗೆ ಬಂದ ಮಾತು ಅಡಿಗೆಮನೆಗೂ ಬಂದೀತು: ಮುಚ್ಚುವ ಸಾಧನವನ್ನು ಒಡೆದ ಮೇಲೆ ಹುಡುಕುವುದಲ್ಲ, ಒಡೆಯುವ ಮೊದಲೇ ಸಿದ್ಧವಾಗಿಟ್ಟಿರುವುದು ಜಾಣತನ.

ನಮ್ಮ ಈ ಅಭಿಪ್ರಾಯಕ್ಕೆ ಆಕ್ಷೇಪಗಳೂ ಕೇಳಿಬರುತ್ತವೆ. "ಇದು ಪ್ಲಂಬರನ ಕೆಲಸ, ಓದುವ ಮಕ್ಕಳಿಗೇಕೆ?" ಎನ್ನುವರು ಕೆಲವರು. ಕೊಳವೆಯನ್ನು ರಿಪೇರಿ ಮಾಡುವುದು ಪ್ಲಂಬರನ ಕೆಲಸವೇ ಸರಿ; ಆದರೆ ಅವನು ಬರುವವರೆಗೆ ನೀರನ್ನು ತಡೆದು ನಿಲ್ಲಿಸುವುದು ಮನೆಯಲ್ಲಿರುವವರ ಕೆಲಸ. ಗಾಯಕ್ಕೆ ವೈದ್ಯನು ಹೊಲಿಗೆ ಹಾಕುತ್ತಾನೆ. ಅವನು ಬರುವವರೆಗೆ ರಕ್ತ ಹರಿಯಲೆಂದು ಯಾರಾದರೂ ಸುಮ್ಮನೆ ಕೂರುವರೇ? ಕೈಕೆಲಸವನ್ನು ಕೀಳೆಂದು ಕಾಣುವ ಹಳೆಯ ಅಭ್ಯಾಸವೂ ಈ ಆಕ್ಷೇಪದಲ್ಲಿ ಅಡಗಿದೆ. ಅದನ್ನು ಬಿಡುವುದೇ ಲೇಸು. "ಹೇಳಿಕೊಟ್ಟರೆ ಮಕ್ಕಳು ಆಟಕ್ಕೆ ತಿರುಗಿಸಿಯಾರು" ಎನ್ನುವರು ಇನ್ನು ಕೆಲವರು. ನಮ್ಮ ಅನುಭವದಲ್ಲಿ ಆಟಕ್ಕೆ ತಿರುಗಿಸುವವರು ಅದೇನೆಂದು ತಿಳಿಯದವರು. ಹೊಣೆ ಹೊತ್ತವನು ಅದನ್ನು ಆಟದ ವಸ್ತುವೆಂದು ಬಗೆಯುವುದಿಲ್ಲ. "ಹುಡುಗಿಯರಿಗೇಕೆ?" ಎಂಬ ಮಾತಂತೂ ಉತ್ತರಕ್ಕೂ ಅರ್ಹವಲ್ಲ. ನೀರು ಬರುವ ಹೊತ್ತು ಕಾಯ್ದು, ಕೊಡ ತುಂಬಿ, ಮನೆ ನಡೆಸುವವರು ಅವರೇ ಅಲ್ಲವೇ? ತುಂಬುವ ಕೈಗೆ ತಡೆಯುವ ವಿದ್ಯೆ ಬೇಡವೇ?

ಮಾಳಿಗೆಗೆ ಬೀಗ ಹಾಕಬೇಡಿರೆಂದು ನಾವು ಸೊಸೈಟಿಗಳಿಗೆ ಹೇಳುವುದಿಲ್ಲ. ಬೀಗವಿರಲಿ, ಅದರ ಇನ್ನೊಂದು ಕೈ ವಾಚ್‌ಮನ್ನನ ಬಳಿ ಸದಾ ಇರಲಿ. ಪ್ರತಿಯೊಂದು ವಾಲ್ವಿಗೂ ಯಾವ ಕೊಳವೆ, ಯಾವ ಮನೆಗಳು ಎಂಬುದನ್ನು ಬಣ್ಣದಲ್ಲಿ ಬರೆದಿರಲಿ. ಚಾಳುಗಳಲ್ಲಿಯೂ ವಸತಿಗಳಲ್ಲಿಯೂ ಇರುವ ನಮ್ಮ ಎಷ್ಟೋ ವಿದ್ಯಾರ್ಥಿಗಳ ಮನೆಯೊಳಗೆ ವಾಲ್ವೇ ಇಲ್ಲದಿರಬಹುದು. ಹಲವು ಮನೆಗಳಿಗೆ ಒಂದೇ ನಳವಿರಬಹುದು. ಅಂಥವರು ಆ ಸಾಮಾನ್ಯ ನಳದ ನೀರನ್ನು ಎಲ್ಲಿ ತಡೆಯಬಹುದು, ಅದರ ಹೊಣೆ ಯಾರದು ಎಂಬುದನ್ನು ತಿಳಿದುಕೊಂಡರೆ ಒಂದು ಮನೆಗಲ್ಲ, ಒಂದು ಓಣಿಗೇ ಉಪಕಾರವಾಗುತ್ತದೆ.

ಶಾಲೆಗೆ ನಮ್ಮ ಸೂಚನೆ ಸರಳವಾದದ್ದು. ವರ್ಷದ ಮೊದಲ ತಿಂಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ನೀರಿನ ನಕಾಶೆಯನ್ನು ಬರೆದು ತರಲಿ: ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಿಂದ ನಳಕ್ಕೆ ಇಳಿಯುತ್ತದೆ, ಯಾವ ಯಾವ ಸ್ಥಳದಲ್ಲಿ ಅದನ್ನು ತಡೆಯಬಹುದು, ಬೀಗದ ಕೈ ಯಾರ ಬಳಿ ಇದೆ. ಭೂಗೋಲದಲ್ಲಿ ಗೋದಾವರಿಯ ಉಗಮವನ್ನು ಗುರುತಿಸುವ ಕೈಯೇ ಮನೆಯ ವಾಲ್ವನ್ನೂ ಗುರುತಿಸಲಿ. ತಿದ್ದಿದ ಆ ನಕಾಶೆ ಅಡಿಗೆಮನೆಯ ಗೋಡೆಯ ಮೇಲೆ, ಅಜ್ಜಿಯ ಕಣ್ಣಿಗೂ ಕಾಣುವಂತೆ, ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿಯೇ ಇರಲಿ. ನಮ್ಮ ಮನೆಗಳಲ್ಲಿ ಹಿರಿಯರು ಓದುವ ನುಡಿ ಅದೇ. ಕನ್ನಡ ಶಾಲೆಯಲ್ಲಿ ಕಲಿತುದು ಮನೆಗೆ ಪ್ರಯೋಜನಕ್ಕೆ ಬಂದಿತೆಂದು ತಂದೆತಾಯಿಯರು ಅಂದು ತಾವೇ ಕಾಣುವರು.

ವಿದ್ಯಾರ್ಥಿಗಳೇ, ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಬೇಸಿಗೆ ಹತ್ತಿರವಾಗಿರುತ್ತದೆ. ತ್ರ್ಯಂಬಕದ ಬೆಟ್ಟಗಳಲ್ಲಿ ಮತ್ತೆ ಮಳೆ ಬೀಳುವುದಕ್ಕೆ ತಿಂಗಳುಗಳಿರುತ್ತವೆ. ಅಲ್ಲಿಯವರೆಗೆ ಟಾಂಕಿಯಲ್ಲಿರುವುದೇ ನಮ್ಮ ಪಾಲಿನ ಮಳೆ. ಇಂದು ಸಂಜೆ ಮನೆಗೆ ಹೋದೊಡನೆ ಹಿರಿಯರನ್ನು ಕೇಳಿರಿ: "ನಮ್ಮ ಮನೆಯ ತೂಬು ಎಲ್ಲಿದೆ?" ಅವರಿಗೂ ತಿಳಿಯದಿದ್ದರೆ ಕೂಡಿಕೊಂಡು ಹುಡುಕಿರಿ. ಹುಡುಕಿದ ಮೇಲೆ ಒಮ್ಮೆ ಮುಚ್ಚಿ, ಒಮ್ಮೆ ತೆರೆದು ನೋಡಿರಿ.